ಕಣ್ಣು ಮುಚ್ಚಿ ಆರಿಸಿದ ಸಸಿ

ಭತ್ತದ ಗದ್ದೆಯಲ್ಲಿ ಒಂದು ಹುಲ್ಲು ಬರುತ್ತದೆ. ತೆನೆ ಕಾಣುವವರೆಗೂ ಅದು ಭತ್ತವೇ. ಅದೇ ಹಸಿರು, ಅದೇ ನಿಲುವು, ಅದೇ ಎತ್ತರ. ತೆನೆ ಹೊರಟಾಗ ಗುಟ್ಟು ಬಯಲಾಗುತ್ತದೆ. ಆದರೆ ಅಷ್ಟು ಹೊತ್ತಿಗೆ ಅದು ಭತ್ತದ ಗೊಬ್ಬರ ತಿಂದಿರುತ್ತದೆ. ಭತ್ತ ಹಣ್ಣಾಗುವ ಮೊದಲೇ ತನ್ನ ಕಾಳು ಮಾಗಿಸಿಕೊಂಡು ಕೆಸರಿಗೆ ಉದುರಿಸಿಬಿಡುತ್ತದೆ. ಪುಸ್ತಕದಲ್ಲಿ ಅದಕ್ಕೆ ಏನೋ ಹೆಸರಿದೆಯಂತೆ. ನಾವು ಗುಂಪಿನವರು ಕಳ್ಳಪೈರು ಅನ್ನುತ್ತಿದ್ದೆವು.

ಗುಂಪು ಅಂದರೆ ಒಂಬತ್ತು ಹೆಂಗಸರು. ಪಾಂಡವಪುರದ ನಾಲೆ ಬಯಲಿನಲ್ಲಿ ನಾಟಿ ಹಾಕುವುದು, ಕಳೆ ಕೀಳುವುದು, ಕುಯ್ಲು ಮಾಡುವುದು ನಮ್ಮ ಕೆಲಸ. ಮುಂದೆ ನಿಂತು ಮಾತಾಡುವವಳು ನಾನು. ಬೈಸಿಕೊಳ್ಳುವವಳೂ ನಾನೇ. ತೊಂಬತ್ತರ ದಶಕದ ನಡುವೆ, ಒಂದು ಮುಂಗಾರಿನ ತೆನೆಯಿಂದ ಮುಂದಿನ ಮುಂಗಾರಿನ ತೆನೆಯವರೆಗೆ ನಡೆದದ್ದನ್ನು ಬರೆಯುತ್ತಿದ್ದೇನೆ.

ನಮಗೆ ಅರ್ಧ ವರ್ಷದ ಕೆಲಸ ಕೊಡುತ್ತಿದ್ದವರು ಒಬ್ಬರೇ ಗೌಡರು. ಅವರು ಒಂದು ಎಕರೆಯಲ್ಲಿ ಬೀಜಕ್ಕೆಂದೇ ಭತ್ತ ಬೆಳೆಯುತ್ತಿದ್ದರು. ಬೀಜದ ಭತ್ತ ಅಂದರೆ ಮಡಿ ಇದ್ದ ಹಾಗೆ, ಬೇರೆ ಏನೂ ಬೆರೆಯುವಂತಿಲ್ಲ. ತೆನೆ ಹೊರಟ ಮೇಲೆ ಪರೀಕ್ಷೆಯ ಸಾಹೇಬರು ಬಂದು ಗದ್ದೆಗೆ ಇಳಿದು ನೋಡುತ್ತಾರೆ. ಆ ವರ್ಷ ಅವರು ನಾಲ್ಕು ಹೆಜ್ಜೆ ಇಟ್ಟು ಹಿಂದಕ್ಕೆ ಬಂದರು. ಎಲ್ಲಿ ನೋಡಿದರೂ ಕಳ್ಳಪೈರಿನ ತೆನೆ. ‘ಇದು ಬೀಜಕ್ಕೆ ಆಗಲ್ಲ, ಮಿಲ್ಲಿಗೆ ಹಾಕಿ’ ಅಂತ ಬರೆದುಕೊಟ್ಟು ಹೋದರು.

ಗೌಡರು ನಮ್ಮನ್ನು ಬದುವಿನ ಮೇಲೆ ನಿಲ್ಲಿಸಿಕೊಂಡರು.

“ಏನಕ್ಕ ಇದು? ಎಲ್ಡು ಸಲ ಕಳೆ ಕಿತ್ತೀವಿ ಅಂದ್ರಿ. ಮತ್ತೆ ಇದನ್ನ ನಮ್ಮಾವ ಬಂದು ನೆಟ್ಟೋದ್ನಾ?”

“ಕಿತ್ತೀವಿ ಗೌಡ್ರೆ. ನೀವೇ ಇಲ್ಲಿ ನಿಂತು ನೋಡ್ತಿದ್ರಿ.”

“ನೋಡ್ತಿದ್ದೆ. ಕೈಗಿಂತ ಬಾಯೇ ಜಾಸ್ತಿ ಆಡ್ತಿತ್ತು.”

ನನ್ನ ಹಿಂದೆ ನಿಂತಿದ್ದ ಓರಗಿತ್ತಿ ಸುಮ್ಮನಿರುವವಳಲ್ಲ. “ಬಾಯಿ ಆಡುದ್ರೆ ಕೈ ಕುಂಟಾಯ್ತದಾ?” ಅಂದಳು.

ಗೌಡರು ಅವಳ ಕಡೆ ನೋಡಲೇ ಇಲ್ಲ. “ಮುಂದಿನ ಮುಂಗಾರ್ಗೆ ಇನ್ನೊಂದ್ ಸಲ ನೋಡ್ತೀನಿ. ಆಗ್ಲೂ ಇಂಗೇ ಆದ್ರೆ ಕೆ.ಆರ್.ಪೇಟೆ ಕಡೆಯಿಂದ ಆಳು ಕರುಸ್ತೀನಿ. ಬೀಜದ ಗದ್ದೆ ಒಂದೇ ಅಲ್ಲ, ನನ್ನ ಒಂದ್ ಗದ್ದೆಗೂ ನೀವು ಇಳಿಯಂಗಿಲ್ಲ,” ಅಂದು ಹೊರಟುಹೋದರು.

ಕೆಲಸಗಳ್ಳರು ಅನ್ನಿಸಿಕೊಂಡು ಮನೆಗೆ ಹೋಗುವುದು ನನಗೆ ಆಗಲಿಲ್ಲ. ಎಲ್ಲರನ್ನೂ ಕಳಿಸಿ ಗದ್ದೆಗೆ ಇಳಿದೆ. ಕಳ್ಳಪೈರು ಎಲ್ಲೆಲ್ಲಿ ನಿಂತಿದೆ ಅಂತ ಒಂದೊಂದೇ ನೋಡುತ್ತಾ ಹೋದೆ. ತಾನಾಗಿ ಉದುರಿ ಹುಟ್ಟಿದ ಹುಲ್ಲು ಹೇಗೆ ಬರುತ್ತದೆ? ಇಲ್ಲೊಂದು ಗುಂಪು, ಅಲ್ಲೊಂದು ಗುಂಪು, ಎರಡು ಬುಡದ ನಡುವೆ ಒಂದು ಎಳೆ. ಇದು ಹಾಗಿರಲಿಲ್ಲ. ಒಂದು ಗೇಣು, ಭತ್ತ. ಇನ್ನೊಂದು ಗೇಣು, ಭತ್ತ. ಇನ್ನೊಂದು ಗೇಣು, ಕಳ್ಳ. ಭತ್ತದ ಬುಡ ಇರಬೇಕಾದ ಜಾಗದಲ್ಲಿ ಭತ್ತದ ಬದಲು ಅದು ನಿಂತಿತ್ತು.

ನಾಟಿ ಹಾಕಿದ್ದು. ಹಾಕಿದವರು ನಾವು.

ಹೇಗೆ ಅಂತ ಯೋಚಿಸಬೇಕಾಗಿರಲಿಲ್ಲ. ಸಸಿ ಬೆಳೆಸುವ ಪಾತಿಗೆ ನಾವು ಒಟ್ಲು ಅನ್ನುತ್ತೇವೆ. ಅಲ್ಲಿಂದ ಸಸಿಯನ್ನು ಹಿಡಿ ಹಿಡಿಯಾಗಿ ಕಿತ್ತು, ಬೇರಿನ ಕೆಸರು ತೊಳೆದು, ಕಟ್ಟು ಕಟ್ಟಿ ಗದ್ದೆಗೆ ಎಸೆಯುತ್ತೇವೆ. ಬೇರೆ ಥರ ಕಂಡದ್ದನ್ನು ಕೀಳುವಾಗಲೇ ಬಿಸಾಡುತ್ತೇವೆ. ಭತ್ತದಂತೆ ಕಂಡದ್ದು ಕಟ್ಟಿಗೆ ಸೇರುತ್ತದೆ. ಗದ್ದೆಗೆ ಹೋದ ಮೇಲೆ ನಾವೇ ಅದನ್ನು ಹೆಬ್ಬೆಟ್ಟಿನಿಂದ ಒತ್ತಿ ನೆಡುತ್ತೇವೆ. ಆಮೇಲೆ ಕಳೆ ಕೀಳಲು ಬಂದಾಗ, ಸಾಲಿನಲ್ಲಿ ಮರ್ಯಾದೆಯಾಗಿ ನಿಂತಿರುವುದನ್ನು ಯಾರು ಕೀಳುತ್ತಾರೆ?

ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಗೌಡರು ಅವತ್ತೇ ಓಡಿಸುತ್ತಿದ್ದರು.

ಅದೇ ವಾರ ನಾಲೆ ದಡದಲ್ಲಿ ಒಬ್ಬ ಹುಡುಗಿ ಲೂನಾ ನಿಲ್ಲಿಸಿಕೊಂಡು ಹುಲ್ಲಿನ ತೆನೆ ಕತ್ತರಿಸಿ ಕಾಗದದ ಚೀಲಕ್ಕೆ ತುಂಬುತ್ತಿದ್ದಳು. ತಲೆ ಮೇಲೆ ದುಪಟ್ಟಾ, ಕೈಯಲ್ಲಿ ಅಡಿಕೋಲು. ಶ್ರೀರಂಗಪಟ್ಟಣದ ಸಾಬರ ಮನೆಯವಳು, ಕೃಷಿ ಕಾಲೇಜಿನಲ್ಲಿ ದೊಡ್ಡ ಓದು ಓದುತ್ತಿದ್ದಳು. ನನ್ನನ್ನು ನೋಡಿ ತಾನೇ ಹತ್ತಿರ ಬಂದಳು.

“ಅಜ್ಜಿ, ಗದ್ದೆ ಒಳಗಿರೋ ಈ ಹುಲ್ಲಿನ ಬೀಜಾನೂ ಸ್ವಲ್ಪ ಬೇಕಿತ್ತು. ಇಳೀಬಹುದಾ?”

“ಕಳೆ ಬೀಜ ಯಾರಾರ ಕೇಳ್ಕಂಡ್ ಬತ್ತಾರಾ? ಇದನ್ನ ಯಾರವ್ವ ನಿಂಗೆ ಏಳ್ಕೊಟ್ಟೋರು?”

“ನಮ್ಮ ಅಬ್ಬಾನೂ ಅದೇ ಕೇಳ್ತಾರೆ. ‘ಲಾರಿ ರಿಪೇರಿ ಮಾಡಿ ಓದಿಸ್ತಿರೋದು ಹುಲ್ಲು ಕೊಯ್ಯೋಕಾ ಬೇಟಿ’ ಅಂತ.”

ಹುಡುಗಿ ಹಿಡಿಸಿದಳು. ಗದ್ದೆಗೆ ಇಳಿಸಿದೆ. ಅವಳು ನಾಲೆ ದಡದ ಒಂದು ಗಿಡ, ಗದ್ದೆಯ ಒಂದು ಗಿಡ ಬೇರು ಸಮೇತ ಕಿತ್ತು ಬದುವಿನ ಮೇಲೆ ಪಕ್ಕ ಪಕ್ಕ ಇಟ್ಟಳು. ದಡದ್ದು ಕಾಲು ಚಾಚಿ ಕುಳಿತವಳ ಹಾಗೆ ನಾಲ್ಕೂ ಕಡೆ ಹರಡಿಕೊಂಡಿತ್ತು. ಬುಡ ಕೆಂಪಗಿತ್ತು. ಗದ್ದೆಯದು ನೆಟ್ಟಗೆ, ಬುಡದವರೆಗೂ ಹಸಿರು. ಎರಡನ್ನೂ ನಾನು ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ನೋಡಿದ್ದೇನೆ. ಬೇರೆ ಬೇರೆ ಹುಲ್ಲು ಅಂದುಕೊಂಡಿದ್ದೆ. ಅವಳು ಎರಡರ ತೆನೆಯನ್ನೂ ಅಂಗೈ ಮೇಲೆ ಇಟ್ಟು ತೋರಿಸಿದಳು. ತೆನೆ ಒಂದೇ.

“ಇವೆರಡೂ ಒಂದೇ ಜಾತಿ ಅಜ್ಜಿ. ಮೂಲದಲ್ಲಿ ದಡದ್ದರ ಥರ ಇದ್ದಿರಬೇಕು. ಗದ್ದೆಯೊಳಗೆ ಇದು ಯಾಕೆ ಭತ್ತದ ಥರ ಆಯ್ತು, ಅದೇ ನನ್ನ ಪ್ರಶ್ನೆ.”

“ಅದ್ರಾಗೇನದೆ? ಭತ್ತ ನೋಡಿ ನೋಡಿ ಕಲ್ತದೆ. ಪ್ಯಾಟೆಗೋದ ಐಕ್ಳು ಕಲಿಯಾಕಿಲ್ವಾ?”

“ಹುಲ್ಲಿಗೆ ಕಣ್ಣೆಲ್ಲಿದೆ ಅಜ್ಜಿ ನೋಡೋಕೆ?”

ಅದು ಸರಿಯೇ. ಸ್ವಲ್ಪ ಯೋಚಿಸಿ ಇನ್ನೊಂದು ಹೇಳಿದೆ. ಗದ್ದೆಯಲ್ಲಿ ನೀರು ನಿಂತಿರುತ್ತದೆ, ಗೊಬ್ಬರ ಇದೆ, ಸುತ್ತ ಭತ್ತ ಒತ್ತಿಕೊಂಡಿದೆ. ಸಂತೆಯಲ್ಲಿ ಒತ್ತಿಕೊಂಡು ನಿಂತವರು ನೆಟ್ಟಗೇ ನಿಲ್ಲಬೇಕು. ದಡದ ಹುಲ್ಲನ್ನು ತಂದು ಗದ್ದೆಯಲ್ಲಿ ಹಾಕಿದರೆ ಅದೂ ನೆಟ್ಟಗೆ ನಿಲ್ಲುತ್ತದೆ.

ಹುಡುಗಿ ಖುಷಿಪಟ್ಟಳು. “ಇದು ಪರೀಕ್ಷೆ ಮಾಡಬಹುದಾದ ಮಾತು. ಎರಡು ಬೀಜಾನೂ ಒಂದೇ ಮಣ್ಣಲ್ಲಿ, ಒಂದೇ ನೀರಲ್ಲಿ ಬೆಳೆಸಬೇಕು. ಆಗ್ಲೂ ಬೇರೆ ಬೇರೆ ಬಂದ್ರೆ ಗುಣ ಬೀಜದಲ್ಲಿದೆ. ಒಂದೇ ಥರ ಬಂದ್ರೆ ನೀವು ಹೇಳಿದ್ದೇ ಸರಿ. ನಾನು ಕಾಲೇಜಿನಲ್ಲಿ ಮಾಡ್ತೀನಿ.”

“ನೀನು ಮಾಡು. ನಾನೂ ಮಾಡ್ತೀನಿ,” ಅಂದೆ. ಅವಳ ಕುಂಡ ಅವಳದು, ನನ್ನ ಕಣ್ಣು ನನ್ನದು.

ಮನೆ ಹಿಂದೆ ಒಡಕಲು ಮಡಕೆ, ಡಾಲ್ಡಾ ಡಬ್ಬ ಸೇರಿಸಿ ಹತ್ತು ಇಟ್ಟೆ. ಎಲ್ಲಕ್ಕೂ ಅದೇ ಗದ್ದೆಯ ಮಣ್ಣು, ಒಂದೊಂದು ಹಿಡಿ ಎಮ್ಮೆ ಗೊಬ್ಬರ, ದಿನಕ್ಕೆ ಒಂದೊಂದು ಚೊಂಬು ನೀರು. ಐದಕ್ಕೆ ದಡದ ಬೀಜ, ಐದಕ್ಕೆ ಗದ್ದೆಯ ಬೀಜ. ನನಗೆ ಅಕ್ಷರ ಬಂದದ್ದು ಮೊಮ್ಮಕ್ಕಳಾದ ಮೇಲೆ, ಊರಿಗೆ ಕಲಿಸುವವರು ಬಂದಾಗ. ಸುಣ್ಣದಲ್ಲಿ ಐದರ ಮೇಲೆ ‘ನಾ’ ಅಂತ ಬರೆದೆ, ಐದರ ಮೇಲೆ ‘ಗ’ ಅಂತ. ನಾಲೆ, ಗದ್ದೆ. ಒಟ್ಟಿಗೆ ಇಟ್ಟರೆ ಬಿಸಿಲು ಒಂದು ಕಡೆಯೇ ಬೀಳುತ್ತದೆ ಅಂತ ಒಂದು ಬಿಟ್ಟು ಒಂದು ಇಟ್ಟೆ.

ಹದಿನೈದು ದಿನ ನೀರು ಹಾಕಿದೆ. ಒಂದೂ ಹುಟ್ಟಲಿಲ್ಲ.

ಓರಗಿತ್ತಿಗೆ ಹಬ್ಬವಾಯಿತು. “ಊರೋರೆಲ್ಲ ಕಳೆ ಕಿತ್ತು ಸಾಯ್ತಾವ್ರೆ, ಇವ್ಳು ಕಳೆ ಬಿತ್ತಿ ನೀರು ಉಯ್ತಾವ್ಳೆ. ಅದಾದ್ರೂ ಉಟ್ತಾ? ಅದ್ಕೂ ಇವ್ಳ ಕೈ ಆಗಿಬರ್ನಿಲ್ಲ!” ಅಂತ ಬಾವಿ ಕಟ್ಟೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಳು.

ಅವಳು ಆಡಿಕೊಂಡಿದ್ದರಿಂದಲೇ ನನಗೆ ಹೊಳೆದದ್ದು. ಬೇಡದ ಕಡೆ ಇಷ್ಟು ಹುಟ್ಟುವುದು ಬೇಕೆಂದಾಗ ಯಾಕೆ ಹುಟ್ಟುವುದಿಲ್ಲ? ಗದ್ದೆಯಲ್ಲಿ ಇದು ಉದುರಿದ ಕೂಡಲೇ ಹುಟ್ಟುತ್ತದೆಯೇ? ಇಲ್ಲ. ಉದುರಿ, ಕೆಸರಿನಲ್ಲಿ ಹೂತು, ಬೇಸಿಗೆಯ ಕಾವು ಕುಡಿದು, ಮುಂದಿನ ಸಲ ಒಟ್ಲು ಹಾಕಿದಾಗ ಭತ್ತದ ಜೊತೆಗೇ ಏಳುತ್ತದೆ. ಮೊದಲೇ ಎದ್ದರೆ ಉಳುವವನ ನೇಗಿಲಿಗೆ ಸಿಕ್ಕಿ ಸಾಯುತ್ತದೆ. ಉಳಿದ ಬೀಜವನ್ನು ಎರಡು ಬಟ್ಟೆಯಲ್ಲಿ ಬೇರೆ ಬೇರೆ ಕಟ್ಟಿ, ಬಚ್ಚಲ ನೀರು ಹರಿಯುವ ಕಡೆ ಕೆಸರಿನಲ್ಲಿ ಹೂತಿಟ್ಟೆ. ಒಂದೂವರೆ ತಿಂಗಳು ಬಿಟ್ಟು ತೆಗೆದು, ನಾಲ್ಕು ದಿನ ಬಿಸಿಲಿಗೆ ಹರವಿ, ಮತ್ತೆ ಹಾಕಿದೆ. ಐದನೇ ದಿನ ಹತ್ತು ಮಡಕೆಯಲ್ಲೂ ಮೊಳಕೆ ಕಂಡಿತು.

ಆಮೇಲೆ ಪಕ್ಕದ ಮನೆ ಕೋಳಿ ನುಗ್ಗಿ ನಾಲ್ಕು ಮಡಕೆ ಕೆದಕಿ ಹಾಳು ಮಾಡಿತು. ಉಳಿದ ಆರಕ್ಕೆ ಸುತ್ತ ಜಾಲಿಮುಳ್ಳು ಇಟ್ಟೆ. ಮೂರು ‘ನಾ’, ಮೂರು ‘ಗ’. ಆ ಬೇಸಿಗೆ ಕೆ.ಆರ್.ಎಸ್.ನಿಂದ ಎರಡನೇ ಬೆಳೆಗೆ ನೀರು ಬಿಡಲಿಲ್ಲ. ಗದ್ದೆ ಕೆಲಸ ಇರಲಿಲ್ಲ, ಮಡಕೆ ಮುಂದೆ ಕೂರಲು ಹೊತ್ತಿತ್ತು.

ಒಂದು ಗೇಣು ಬೆಳೆದಾಗ ಗೊತ್ತಾಯಿತು. ನನ್ನ ಮಾತು ಸುಳ್ಳಾಗಿತ್ತು. ಅದೇ ಮಣ್ಣು, ಅದೇ ನೀರು. ‘ನಾ’ ಮಡಕೆಯವು ಅಂಚು ದಾಟಿ ಹೊರಗೆ ಮಲಗಿದವು, ಬುಡ ಕೆಂಪಾಯಿತು. ‘ಗ’ ಮಡಕೆಯವು ನೆಟ್ಟಗೆ ನಿಂತವು. ಗುಣ ಬೀಜದಲ್ಲಿತ್ತು.

ಆದರೆ ಪೂರ್ತಿ ಹಾಗೂ ಇರಲಿಲ್ಲ. ‘ನಾ’ ಮಡಕೆ ಒಂದರಲ್ಲಿ ಒಂದು ಗಿಡ ಹೆಚ್ಚು ಕಡಿಮೆ ನೆಟ್ಟಗಿತ್ತು. ‘ಗ’ ಮಡಕೆಯಲ್ಲಿ ಎರಡು ಸ್ವಲ್ಪ ವಾಲಿದ್ದವು, ಒಂದರ ಬುಡ ತಿಳಿಗೆಂಪು. ಬೀಜ ಹಾಕುವಾಗ ಎಲ್ಲೋ ಬೆರೆಸಿಬಿಟ್ಟೆ, ಕೆಲಸ ಕೆಟ್ಟಿತು ಅಂದುಕೊಂಡೆ. ಹುಡುಗಿ ಬಂದಾಗ ಆ ಮೂರು ಗಿಡ ತೋರಿಸಲು ನಾಚಿಕೆಯಾಯಿತು. ಅವಳು ಅವನ್ನೇ ಮೊದಲು ನೋಡಿದಳು, ಮೊಣಕಾಲೂರಿ ಕೂತುಬಿಟ್ಟಳು.

“ನನ್ನ ಕುಂಡದಲ್ಲೂ ಹೀಗೇ ಬಂದಿದೆ ಅಜ್ಜಿ! ಬೀಜ ಬೆರೆತಿರಲೂಬಹುದು, ಆದರೆ ನಿಮ್ಮದೂ ನನ್ನದೂ ಎರಡೂ ಬೆರೆಯುತ್ತಾ? ಒಂದು ತಾಯಿಯ ಮಕ್ಕಳೆಲ್ಲ ಒಂದೇ ಥರ ಇರ್ತಾರಾ?”

“ನನ್ ಮಕ್ಳಲ್ಲಿ ಒಬ್ಬ ಕೆಂಚ, ಒಬ್ಬ ಕರಿಯ. ಅದ್ಕೇನೀಗ?”

“ಅದೇ ಎಲ್ಲಕ್ಕೂ ಮೂಲ.”

ಜಗುಲಿ ಮೇಲೆ ಕೂತು ಅವಳು ಒಬ್ಬ ಇಂಗ್ಲೆಂಡಿನವನ ಕಥೆ ಹೇಳಿದಳು. ನೂರೈವತ್ತು ವರ್ಷಕ್ಕೂ ಹಿಂದೆ, ಎಳೆ ವಯಸ್ಸಿನಲ್ಲಿ ಹಡಗು ಹತ್ತಿ ಐದು ವರ್ಷ ಲೋಕ ಸುತ್ತಿ ಬಂದನಂತೆ. ಒಂದೊಂದು ದ್ವೀಪದಲ್ಲಿ ಒಂದೊಂದು ಥರದ ಹಕ್ಕಿ, ಆಮೆ ಕಂಡವಂತೆ. ಊರಿಗೆ ಬಂದವನು ಪಾರಿವಾಳ ಸಾಕುವವರನ್ನು ವಿಚಾರಿಸಿದ. ಸಾಕುವವರು ಬೇಕಾದ ಜೋಡಿ ಕೂಡಿಸಿ ಬಾಲ ಬೀಸಣಿಗೆಯಂಥದ್ದು, ಎದೆ ಉಬ್ಬಿದ್ದು ಅಂತ ಥರಾವರಿ ಮಾಡುವುದನ್ನು ನೋಡಿದ. ಇಲ್ಲಿ ಆರಿಸುವವನು ಮನುಷ್ಯ. ಕಾಡಿನಲ್ಲಿ ಯಾರು ಆರಿಸುತ್ತಾರೆ ಅಂತ ಕೇಳಿಕೊಂಡ. ಹುಟ್ಟುವುದು ಬಹಳ, ಉಳಿಯುವುದು ಕೆಲವೇ. ಉಳಿದದ್ದು ತನ್ನಂಥದ್ದನ್ನೇ ಹೆರುತ್ತದೆ. ಹಾಗಾದರೆ ಬದುಕಿನ ಕಷ್ಟವೇ ಆರಿಸುತ್ತದೆ ಅಂತ ಅವನಿಗೆ ಹೊಳೆಯಿತು. ಹೊಳೆದ ಮೇಲೂ ಇಪ್ಪತ್ತು ವರ್ಷ ಪುಸ್ತಕ ಮಾಡಿ ಲೋಕದ ಮುಂದೆ ಇಡಲಿಲ್ಲವಂತೆ.

“ಇಪ್ಪತ್ತೊರ್ಸ ಬಾಯ್ಮುಚ್ಕಂಡಿದ್ನಾ? ಗಂಡುಸ್ರ ಕೈಲಿ ಆಯ್ತದಾ ಅದು?”

“ಸ್ನೇಹಿತರಿಗೆ ಹೇಳಿದ್ದ. ಲೋಕಕ್ಕೆ ಹೇಳೋಕೆ ಹೆದರಿಕೆ. ದೇವರು ಒಂದೊಂದನ್ನೂ ಹೀಗೇ ಮಾಡಿಟ್ಟ ಅಂತ ಎಲ್ಲರೂ ನಂಬಿದ್ದ ಕಾಲ. ಕೊನೆಗೆ ದೂರದ ದ್ವೀಪದಲ್ಲಿ ಜ್ವರ ಬಂದು ಮಲಗಿದ್ದ ಇನ್ನೊಬ್ಬನಿಗೆ ಅದೇ ಯೋಚನೆ ಬಂತು. ಅವನು ಇವನಿಗೇ ಕಾಗದ ಬರೆದ. ಆಗ ಇವನು ಬಾಯಿ ಬಿಟ್ಟ.”

“ಓರಗಿತ್ತಿ ಮೊದ್ಲು ಅಡುಗೆ ಮಾಡ್ಬುಟ್ಟಾಳು ಅಂತ ಒಲೆ ಅಚ್ದಂಗೆ,” ಅಂದೆ. ಹುಡುಗಿ ನಕ್ಕು ಒರಗಿಕೊಂಡಳು.

ನಾನು ಹುಟ್ಟಿದ್ದು ನಾಗಮಂಗಲದ ಬಿಂಡಿಗನವಿಲೆ ಕಡೆ. ಮಳೆ ನಂಬಿದ ಹೊಲ, ಕುರಿ. ಆರಿಸುವುದು ನನಗೆ ಹೊಸದಲ್ಲ. ನಮ್ಮಪ್ಪ ಹಿಂಡಿನಲ್ಲಿ ಒಂದು ಟಗರು ಉಳಿಸಿಕೊಳ್ಳುತ್ತಿದ್ದ, ಮೈ ಉದ್ದ ಇರುವುದು, ಕಾಲು ಗಟ್ಟಿ ಇರುವುದು. ಉಳಿದವನ್ನು ಮಾರುತ್ತಿದ್ದ. ಮರಿಗಳು ಆ ಟಗರನ್ನೇ ಹೋಲುತ್ತಿದ್ದವು. ಅಲ್ಲಿಯ ರಾಗಿ ಹೊಲದಲ್ಲೂ ಒಂದು ಕಳ್ಳ ಇದೆ. ತೆನೆ ಬರುವವರೆಗೂ ರಾಗಿಯೇ. ಅಲ್ಲಿ ರಾಗಿಯಂಥ ಕಳ್ಳ, ಇಲ್ಲಿ ಭತ್ತದಂಥ ಕಳ್ಳ. ರಾಗಿ ಹೊಲದಲ್ಲಿ ಭತ್ತದಂಥ ಕಳ್ಳನನ್ನು ನಾನು ಕಂಡಿಲ್ಲ. ಅಲ್ಲಿ ಅವನು ಮೂರು ದಿನ ಬದುಕುವುದಿಲ್ಲ, ಯಾರಾದರೂ ಕಿತ್ತು ಎಸೆಯುತ್ತಾರೆ.

ಇದನ್ನೆಲ್ಲ ಹುಡುಗಿಗೆ ಹೇಳುತ್ತಾ ಹೇಳುತ್ತಾ ನನ್ನ ಬಾಯಿಂದಲೇ ಬಂದುಬಿಟ್ಟಿತು.

“ಅಂಗಾರೆ ನಾವೇ ಕಣವ್ವ. ಟಗರ್ನ ಬೇಕು ಅಂತ ಆರುಸ್ದೋ. ಇದನ್ನ ಬ್ಯಾಡ ಅಂತಾನೇ ಆರುಸ್ಬುಟ್ಟೋ. ಮಲಿಕಂಡಿದ್ದನ್ನ ಕಿತ್ತೋ, ಕೆಂಪಗಿದ್ದನ್ನ ಕಿತ್ತೋ. ಭತ್ತದಂಗಿದ್ದದ್ದು ಉಳ್ಕಂಡು ಮಕ್ಳು ಮಾಡ್ತು.”

ಹುಡುಗಿ ಬರೆದುಕೊಳ್ಳುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. “ಎಷ್ಟು ಕಾಲದಿಂದ ಅಜ್ಜಿ?”

“ನಾಲೆ ಬಂದದ್ದು ನಮ್ಮತ್ತೆ ಕಾಲ್ದಲ್ಲಿ. ಅದ್ಕೂ ಮುಂಚೆ ಕೆರೆ ಇಂದ್ಗಡೆ ಗದ್ದೆ ಇತ್ತು. ಅಲ್ಲೂ ಎಂಗುಸ್ರೇ ಕಿತ್ತಿರ್ತಾರೆ. ಗಂಡುಸ್ರು ಯಾವತ್ತು ಕಳೆ ಕಿತ್ತಾರು?”

ಕಳ್ಳಪೈರು ಯೋಚಿಸಿ ಹೀಗಾದದ್ದಲ್ಲ. ನಾವು ಯೋಚಿಸಿ ಮಾಡಿದ್ದೂ ಅಲ್ಲ. ಕೊಂದವರೇ ಸಾಕಿದವರಾದೆವು. ಇದು ತಿಳಿದು ನನಗೆ ದುಃಖವೇನೂ ಆಗಲಿಲ್ಲ. ಆದರೆ ಇದರಲ್ಲಿ ನಮ್ಮ ಗದ್ದೆಗೆ ಏನಾದರೂ ದಾರಿ ಇದೆಯೇ ಅಂತ ಅವತ್ತೆಲ್ಲ ತಲೆಯಲ್ಲಿ ಕೊರೆಯಿತು. ಗೌಡರ ಗಡುವು ಹತ್ತಿರ ಬರುತ್ತಿತ್ತು. ಇನ್ನೂ ಹುಷಾರಾಗಿ ನೋಡಿ ಕಿತ್ತರೆ ಆಗುವುದಿಲ್ಲ. ಅದು ಗೆದ್ದಿರುವುದೇ ಕಣ್ಣನ್ನು. ಎಷ್ಟು ತಲೆಮಾರಿನ ಕಣ್ಣನ್ನು ದಾಟಿ ಬಂದದ್ದು ನನ್ನ ಕಣ್ಣಿಗೆ ಸಿಗುತ್ತದೆಯೇ? ಅದು ಇನ್ನೂ ದಾಟದೆ ಇರುವ ಬೇಲಿ ಯಾವುದಾದರೂ ಇದ್ದರೆ ಅಲ್ಲಿ ಹಿಡಿಯಬೇಕು.

ಹುಡುಗಿಯನ್ನು ಕೇಳಿದೆ. ಅವಳು ಭೂತಗನ್ನಡಿ ಕೊಟ್ಟು ಭತ್ತದ ಸಸಿ ತೋರಿಸಿದಳು. ಎಲೆ ಕಾಂಡವನ್ನು ಬಿಟ್ಟು ಆಚೆಗೆ ಬಾಗುವ ಮೂಲೆಯಲ್ಲಿ ಈರುಳ್ಳಿ ಪೊರೆಯಂಥ ಒಂದು ನಾಲಿಗೆ, ಎರಡು ಕಡೆ ಸಣ್ಣ ಕೂದಲು. ಕಳ್ಳಪೈರಿಗೆ ಆ ಮೂಲೆ ಬೋಳು. ಬರಿಗಣ್ಣಿಗೆ ಅದು ಸುಲಭಕ್ಕೆ ಕಾಣುವುದಿಲ್ಲ, ಅಷ್ಟು ಸಣ್ಣದು. ಆದರೆ ಉಗುರನ್ನು ಮೇಲಿಂದ ಕೆಳಕ್ಕೆ ಎಳೆದರೆ ಭತ್ತದಲ್ಲಿ ಉಗುರು ತಡೆಯುತ್ತದೆ. ಕಳ್ಳನಲ್ಲಿ ಜಾರಿಹೋಗುತ್ತದೆ. ನೂರು ಸಸಿ ಎಳೆದು ನೋಡಿದೆ. ಆಮೇಲೆ ಭೂತಗನ್ನಡಿ ಹಿಂದಕ್ಕೆ ಕೊಟ್ಟೆ.

ಮಳೆ ಹಿಡಿಯಿತು, ನಾಲೆಗೆ ನೀರು ಬಂತು, ಒಟ್ಲು ಬೆಳೆಯಿತು. ಸಸಿ ಕೀಳುವ ದಿನ ಗುಂಪಿಗೆ ಹೇಳಿದೆ, ಹಿಡಿ ಹಿಡಿಯಾಗಿ ಬೇಡ, ಒಂದೊಂದೇ ಸಸಿ ಕಿತ್ತು ಮೂಲೆ ಮುಟ್ಟಿ ನೋಡಿ ಕಟ್ಟಬೇಕು ಅಂತ. ನಾವು ಎಕರೆ ಲೆಕ್ಕದಲ್ಲಿ ಗುತ್ತಿಗೆ ಒಪ್ಪಿಕೊಂಡವರು. ಒಂದು ದಿನದ ಕೆಲಸ ಎರಡು ದಿನ ಆದರೂ ದುಡ್ಡು ಅಷ್ಟೇ. ಎಲ್ಲರೂ ಮೇಲೆ ಬಿದ್ದರು.

“ಒಂದೊಂದ್ನೂ ಸವರ್ಕಂಡು ಕೂರಾಕೆ ಇದೇನ್ ಎಣ್ಣು ನೋಡೋ ಶಾಸ್ತ್ರವಾ?” ಅಂದಳು ಓರಗಿತ್ತಿ. “ಆ ಕಳ್ಳನ ಜತೇಲೇ ಸಂಸಾರ ಮಾಡೋಗು ನೀನು. ನಾವು ಬರಾಕಿಲ್ಲ.”

ಆಗ ವರ್ಷದಿಂದ ಬಾಯಲ್ಲಿ ಇಟ್ಟುಕೊಂಡಿದ್ದನ್ನು ಉಗುಳಿದೆ. “ಓದ್ ವರ್ಸ ಕಳ್ಳನ್ನ ನೆಟ್ಟೋರು ನಾವೇ ಕಣ್ರಮ್ಮಿ. ಗೌಡ್ರು ಬೈದದ್ದು ಸರಿಯಾಗೇ ಅದೆ. ಕೀಳ್ನಿಲ್ಲ ಅಂತ ಬೈದ್ರು. ನೆಟ್ರಿ ಅಂತ ಬೈಬೇಕಿತ್ತು.”

“ನಾವಾ?” ಅಂದಳು ಒಬ್ಬಳು, ತನ್ನ ಕೈ ನೋಡಿಕೊಂಡು.

ಮೊದಲೇ ಆರಿಸಿ ತಂದಿದ್ದ ಹತ್ತು ಸಸಿ ಓರಗಿತ್ತಿಯ ಮುಂದೆ ಇಟ್ಟೆ. ಐದು ಭತ್ತ, ಐದು ಕಳ್ಳ. ಕಣ್ಣಲ್ಲಿ ನೋಡಿ ಬೇರೆ ಮಾಡು ಅಂದೆ. ನಲವತ್ತು ವರ್ಷ ನಾಟಿ ಹಾಕಿದ ಕಣ್ಣು ಅವಳದು. ಬೇರೆ ಮಾಡಿದಳು. ನಾಲ್ಕು ತಪ್ಪಿದವು. ಮತ್ತೆ ಬೆರೆಸಿ, ಉಗುರು ಎಳೆಯುವುದು ಹೇಗೆ ಅಂತ ತೋರಿಸಿ, ಅವಳ ಸೆರಗಿನಿಂದಲೇ ಅವಳ ಕಣ್ಣು ಕಟ್ಟಿದೆ. ಕಣ್ಣು ತೆರೆದರೆ ಅದು ಮತ್ತೆ ಮೋಸ ಹೋಗುತ್ತದೆ ಅಂತ ನನಗೆ ಗೊತ್ತಿತ್ತು. ಹತ್ತಕ್ಕೆ ಹತ್ತೂ ಸರಿಯಾದವು.

ಅವಳು ಸೆರಗು ಬಿಚ್ಚಿ ಎರಡೂ ಗುಂಪು ನೋಡಿದಳು. “ಕಣ್ಣಿದ್ರೆ ಮೋಸ, ಮುಚ್ಚುದ್ರೆ ಬುದ್ಧಿ. ನನ್ ಮದ್ವೆ ದಿನಾನೂ ಯಾರಾರ ಇಂಗೆ ಕಣ್ಕಟ್ಟಿ ಗಂಡನ್ನ ಮುಟ್ಸಿದ್ರೆ ಚೆನ್ನಾಗಿತ್ತು,” ಅಂದಳು. ನಕ್ಕು ನಕ್ಕು ಎಲ್ಲರೂ ಒಟ್ಲಿಗೆ ಇಳಿದರು.

ಗೌಡರು ಬಂದಾಗ ಒಂಬತ್ತು ಹೆಂಗಸರು ಪಾತಿಯ ಎರಡು ಕಡೆ ಕಣ್ಣು ಮುಚ್ಚಿ ಕೂತಿದ್ದೆವು, ಕೈ ಮಾತ್ರ ಆಡುತ್ತಿತ್ತು.

“ಏನ್ರಮ್ಮಿ ಇದು? ಒಟ್ಲಲ್ಲಿ ಭಜನೆಗೆ ಕುಂತವ್ರಾ?”

ಹೇಳಿದೆ. ಅವರಿಗೆ ಪೂರ್ತಿ ಅರ್ಥವಾಗಲಿಲ್ಲ. ಸರದಿಯ ನೀರು ನಾಳಿದ್ದು ನಿಲ್ಲುತ್ತದೆ ಅನ್ನುವುದಷ್ಟೇ ಅವರ ತಲೆಯಲ್ಲಿತ್ತು. “ಇವತ್ತು ಕಿತ್ತು ನಾಳೆ ನೆಟ್ಟು ಮುಗಿಸ್ಬೇಕು. ಕೆಸರು ಬಿಗಿದ್ರೆ ಸಸಿ ಏಳಾಕಿಲ್ಲ.”

“ಕೀಳಾಕೇ ಎಲ್ಡು ದಿನ ಬೇಕು ಗೌಡ್ರೆ. ಆಗಾಕಿಲ್ಲ ಅಂದ್ರೆ ಕೆ.ಆರ್.ಪೇಟೆಯೋರ್ನ ಇವತ್ತೇ ಕರ್ಸ್ಕಳಿ. ಅವ್ರೂ ಕಣ್ಬುಟ್ಕಂಡೇ ಕೀಳ್ತಾರೆ. ಕಳ್ಳ ಅವ್ರ ಕೈಲೂ ನೆಡುಸ್ಕತಾನೆ.”

ಅದು ಸಿಟ್ಟಿನಲ್ಲಿ ಆಡಿದ ಮಾತಲ್ಲ, ನಿಜ. ಗೌಡರು ಪಾತಿಯ ಅಂಚಿನಲ್ಲಿ ನಾವು ಎಸೆದಿದ್ದ ಗುಡ್ಡೆಯಿಂದ ಒಂದು ಸಸಿ ಎತ್ತಿಕೊಂಡರು. ತಿರುಗಿಸಿ ನೋಡಿದರು. “ಇದು ಭತ್ತ ಅಲ್ವಾ?” ಅಂದರು. “ಉಗ್ರು ಎಳೀರಿ,” ಅಂದೆ. ಎಳೆದರು. ಜಾರಿತು. ಅವರು ಅದನ್ನು ಬಿಸಾಡಿ ತೂಬಿನ ಕಡೆಗೆ ಹೋದರು. ನೀರು ಆದಷ್ಟು ಕಟ್ಟಿ ನಿಲ್ಲಿಸಿಕೊಳ್ಳಲು ಅಂತ ಆಮೇಲೆ ತಿಳಿಯಿತು.

ಕೀಳಲು ಎರಡು ದಿನ ಹಿಡಿಯಿತು. ಮೂರನೇ ದಿನ ಹಗ್ಗ ಹಿಡಿದು ಸಾಲಾಗಿ ನೆಟ್ಟೆವು, ಜಾಗಕ್ಕೆ ಒಂದೇ ಸಸಿ. ಸಾಲು ಬಿಟ್ಟು ನಡುವೆ ಏನು ಎದ್ದರೂ ಅದು ಕಳ್ಳ, ಕಣ್ಣಿಗೂ ಗೊತ್ತಾಗಲಿ ಅಂತ. ಮೇಲಿನ ಮೂಲೆಗೆ ಬರುವ ಹೊತ್ತಿಗೆ ಕೆಸರು ಬಿಗಿದಿತ್ತು. ಬೆರಳು ಇಳಿಯಲಿಲ್ಲ. ಕಡ್ಡಿಯಿಂದ ತೂತು ಮಾಡಿ ಮಾಡಿ ನೆಟ್ಟೆವು. ಇಬ್ಬರ ಉಗುರು ಒಡೆದು ರಕ್ತ ಬಂತು. ಆ ಮೂಲೆಯ ಪೈರು ಕೊನೆಯವರೆಗೂ ಗಿಡ್ಡವೇ ಉಳಿಯಿತು.

ಆಮೇಲಿನ ಕೆಲಸ ಎಂದಿನದೇ. ಎರಡು ಸಲ ಇಳಿದೆವು. ಹಳೆಯ ಕೆಸರಿನಲ್ಲಿ ಮಲಗಿದ್ದ ಬೀಜ ಎದ್ದಿತ್ತು, ಆದರೆ ಸಾಲಿನ ನಡುವೆ. ಒಂದನ್ನೂ ಬಿಡಲಿಲ್ಲ.

ತೆನೆ ಹೊರಟಾಗ ಸಾಹೇಬರು ಬಂದರು. ಹೋದ ವರ್ಷ ನಾಲ್ಕು ಹೆಜ್ಜೆ ಇಟ್ಟು ತಿರುಗಿದವರು ಈ ಸಲ ಗದ್ದೆ ಪೂರ್ತಿ ನಡೆದರು. ಮೂಲೆಯಿಂದ ಮೂಲೆಗೆ, ನಿಂತು ನಿಂತು. ಗೌಡರು ಬದುವಿನ ಮೇಲೆ ಕೈ ಕಟ್ಟಿಕೊಂಡಿದ್ದರು. ನಾವು ಒಂಬತ್ತು ಜನ ಅವರ ಹಿಂದೆ. ಸಾಹೇಬರು ನಡು ಗದ್ದೆಯಲ್ಲಿ ಬಗ್ಗಿದರು.

“ಇಲ್ಲೊಂದಿದೆ,” ಅಂದರು.

ಗೌಡರು ನನ್ನ ಕಡೆ ತಿರುಗಿದರು. ನಾನು ಸಾಹೇಬರನ್ನೇ ನೋಡುತ್ತಿದ್ದೆ. ಅವರು ಇನ್ನೂ ಎರಡು ಸಾಲು ನಡೆದು, ಬದುವಿಗೆ ಬಂದು, ಕಾಲು ತೊಳೆದುಕೊಂಡರು. “ಇಷ್ಟು ದೊಡ್ಡ ಗದ್ದೆಗೆ ಒಂದು ಗಿಡ ಲೆಕ್ಕಕ್ಕಿಲ್ಲ. ಬೀಜಕ್ಕೆ ಆಗುತ್ತೆ. ಅದನ್ನ ಕಾಳು ಉದುರೋ ಮೊದಲು ಕಿತ್ತುಬಿಡಿ,” ಅಂತ ಬರೆದುಕೊಟ್ಟರು. ಗೌಡರು ಕಾಗದ ಮಡಿಸಿ ಜೇಬಿಗೆ ಇಟ್ಟುಕೊಂಡರು. “ನಾಡಿದ್ದಿಂದ ಕಬ್ಬಿನ ಗದ್ದೆ ಕಳೆ ಅದೆ, ಬಂದ್ಬುಡ್ರಕ್ಕ,” ಅಂದರು. ಕೆ.ಆರ್.ಪೇಟೆಯ ಮಾತು ಆಮೇಲೆ ಅವರ ಬಾಯಲ್ಲಿ ಬರಲಿಲ್ಲ.

ಆ ಒಂದನ್ನು ಕೀಳಲು ನಾನೇ ಇಳಿದೆ. ಅದು ಸಾಲಿನ ನಡುವೆ ಇರಲಿಲ್ಲ. ಸಾಲಿನಲ್ಲೇ ಇತ್ತು, ಗೇಣು ಅಳತೆಗೆ ಸರಿಯಾಗಿ. ಅಂದರೆ ನಮ್ಮ ಒಂಬತ್ತು ಜನರಲ್ಲಿ ಯಾರದೋ ಉಗುರಿಗೆ ತಡೆದು, ಭತ್ತ ಅನ್ನಿಸಿಕೊಂಡು ಬಂದಿತ್ತು. ಯಾರೋ ತೂಕಡಿಸಿರಬೇಕು ಅಂದುಕೊಂಡು, ಎಲೆ ಬಾಗುವ ಮೂಲೆಗೆ ಉಗುರು ಎಳೆದೆ. ಪೂರ್ತಿ ಜಾರಲಿಲ್ಲ. ನಾಲಿಗೆ ಇರಲಿಲ್ಲ. ಆದರೆ ಆ ಬೋಳು ಜಾಗದಲ್ಲಿ ನಾಲ್ಕಾರು ಕೂದಲಿದ್ದವು.

ಬೇರು ಸಮೇತ ಕಿತ್ತೆ. ತೆನೆಯನ್ನು ಒಲೆಗೆ ಹಾಕಿ ಸುಟ್ಟೆ. ಹುಡುಗಿ ಬಂದಾಗ ಒಣಗಿದ ದಂಟು ಮಾತ್ರ ಕೊಟ್ಟೆ. ಅವಳು ಭೂತಗನ್ನಡಿ ಹಿಡಿದವಳು ತಲೆ ಎತ್ತಲೇ ಇಲ್ಲ.

“ಅಯ್ಯೋ ಅಜ್ಜಿ, ಬೀಜ ಎಲ್ಲಿ? ಇದನ್ನ ಬೆಳೆಸಿ ನೋಡಬೇಕಿತ್ತು. ಇಂಥದ್ದು ಮತ್ತೆ ಸಿಗುತ್ತಾ?”

“ನಾನ್ ಕಳೆ ಕೀಳೋಳು ಕಣವ್ವ. ಬೆಳ್ಸೋಳಲ್ಲ,” ಅಂದೆ.

ಅವಳು ಹೋದ ಮೇಲೆ ಬದುವಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ನಾಲೆಯಿಂದ ಕೆಳಕ್ಕೆ ಕಣ್ಣು ಹಾಯುವವರೆಗೂ ಗದ್ದೆ. ಉಗುರು ಎಳೆಯುವ ಕೆಲಸ ಅಷ್ಟು ಹೊತ್ತಿಗೆ ನಾಲ್ಕು ಊರಿಗೆ ಹಬ್ಬಿತ್ತು. ಓರಗಿತ್ತಿಯೇ ಎಲ್ಲ ಕಡೆ ಹೇಳಿಕೊಂಡು ಬಂದಿದ್ದಳು. ಅಲ್ಲೂ ಉಗುರಿಗೆ ತಡೆದದ್ದನ್ನೆಲ್ಲ ಭತ್ತ ಅಂತಲೇ ನೆಟ್ಟಿರುತ್ತಾರೆ. ನಮ್ಮ ಗದ್ದೆಯಲ್ಲಿ ಕೂದಲಿದ್ದದ್ದು ಒಂದೇ, ಅದನ್ನು ನಾನು ಕಿತ್ತೆ. ಆ ಗದ್ದೆಗಳಲ್ಲಿ ಎಷ್ಟಿದ್ದವೋ, ಯಾರು ಕಿತ್ತರೋ, ನನಗೆ ಗೊತ್ತಿಲ್ಲ.